ರೊಪ್ಪದ ಲೆಕ್ಕ

ಊರಿನ ಹಳೆಯ ವಲಯ ನಿಯಮಾವಳಿಯಲ್ಲಿ ಸಮುದ್ರದ ಪ್ರಸ್ತಾಪವಿತ್ತು. ಉಬ್ಬರದ ನೀರು ತಲುಪುವ ಗೆರೆಯಿಂದ ಕಟ್ಟಡ ಎಷ್ಟು ದೂರದಲ್ಲಿರಬೇಕು, ದೋಣಿ ಇಡುವ ಕೊಟ್ಟಿಗೆ ಎಷ್ಟು ಎತ್ತರವಿರಬಹುದು ಎಂಬುದಕ್ಕೆ ಎರಡು ಪುಟ ಮೀಸಲಾಗಿದ್ದವು. ಹಿರಿಯೂರಿನಿಂದ ಹೊಸದುರ್ಗದ ಬಸ್ಸು ಹತ್ತಿ ಈ ಊರಿಗೆ ಬರುವವರಿಗೆ ದಾರಿಯಲ್ಲಿ ಸಿಗುವ ದೊಡ್ಡ ನೀರೆಂದರೆ ಮಾರಿಕಣಿವೆ ಅಣೆಕಟ್ಟಿನದು. ಅದಕ್ಕೆ ಉಬ್ಬರವೂ ಇಲ್ಲ, ಇಳಿತವೂ ಇಲ್ಲ. ಕರಾವಳಿಯ ಯಾವುದೋ ಪಟ್ಟಣದ ನಿಯಮಗಳನ್ನು ಹಿಂದೆ ಯಾರೋ ಊರಿನ ಹೆಸರು ಮಾತ್ರ ಬದಲಿಸಿ ನಕಲು ಮಾಡಿದ್ದರು. ಅದರಿಂದ ಯಾರಿಗೂ ತೊಂದರೆಯಾಗಿರಲಿಲ್ಲ. ಬೈಪಾಸ್ ರಸ್ತೆ ಬಂದು, ಅದರ ಬದಿಯ ಹೊಲಗಳಲ್ಲಿ ಸೈಟಿನ ಕಲ್ಲುಗಳು ಎದ್ದ ಮೇಲೆ, ಯೋಜನಾ ಪ್ರಾಧಿಕಾರದವರು ಟೆಂಡರ್ ಕರೆದು ಬೆಂಗಳೂರಿನ ಒಂದು ಕನ್ಸಲ್ಟೆಂಟ್ ಕಂಪನಿಯನ್ನು ಗೊತ್ತುಮಾಡಿದರು. ನಿಯಮಾವಳಿಯನ್ನು ಮೊದಲಿನಿಂದ ಕೊನೆಯವರೆಗೆ ಹೊಸದಾಗಿ ಬರೆಯಬೇಕು. ಈ ಸಲ ನಕಲು ಬೇಡ, ಮನೆಮನೆಗೆ ಹೋಗಿ ಕೇಳಿ ಬರೆಯಿರಿ ಎಂದು ಒಪ್ಪಂದದಲ್ಲೇ ಹಾಕಿದ್ದರು.

ಕಂಪನಿಯಿಂದ ಬಂದವನು ಗಿರೀಶ್. ನಲವತ್ತು ದಾಟಿದ, ಮೆಲುದನಿಯ ಮನುಷ್ಯ. ಬಸ್ ನಿಲ್ದಾಣದ ಹತ್ತಿರ ಮಹಡಿಯ ಮೇಲೊಂದು ಕೋಣೆ ಬಾಡಿಗೆಗೆ ಹಿಡಿದು, ಗೋಡೆಯ ತುಂಬ ನಕ್ಷೆ ಅಂಟಿಸಿ, ಸರ್ವೆ ಮಾಡಲು ಸ್ಥಳೀಯರನ್ನೇ ಹುಡುಕಿದ. ಕಾಟಯ್ಯನಹಟ್ಟಿಯ ದೀಪಾ ಅವನಿಗೆ ಸಿಕ್ಕಿದ್ದು ಹಾಗೆ. ಚಿತ್ರದುರ್ಗದಲ್ಲಿ ಸಂಖ್ಯಾಶಾಸ್ತ್ರ ಓದಿ ಬಿ.ಎಸ್ಸಿ. ಮುಗಿಸಿದ್ದಳು. ಹಟ್ಟಿ ಆ ವರ್ಷವೇ ಊರಿನ ಯೋಜನಾ ಪ್ರದೇಶಕ್ಕೆ ಸೇರಿತ್ತು. ಹಟ್ಟಿಯ ಹುಡುಗಿಯೇ ಹಟ್ಟಿಯ ಸರ್ವೆ ಮಾಡಿದರೆ ಜನ ಮನಸ್ಸು ಬಿಚ್ಚಿ ಮಾತಾಡುತ್ತಾರೆ ಎಂದು ಗಿರೀಶ್ ಎಣಿಸಿದ್ದ. ಬೇರೆ ಯಾರಾಗಿದ್ದರೂ ಹಾಗೆಯೇ ಎಣಿಸುತ್ತಿದ್ದರು.

ತರಬೇತಿ ಒಂದು ದಿನ ನಡೆಯಿತು. ಅದರಲ್ಲಿ ಗಿರೀಶ್ ಪದೇ ಪದೇ ಹೇಳಿದ್ದು ಒಂದೇ ಮಾತು: ನಿಮಗೆ ಗೊತ್ತಿರುವುದನ್ನು ಬರೆಯಬೇಡಿ, ಮನೆಯವರು ಹೇಳಿದ್ದನ್ನು ಬರೆಯಿರಿ. ದೀಪಾಳಿಗೆ ಇದು ಹೊಸದಲ್ಲ. ಕೇಳುವವರು ತಮ್ಮ ಊಹೆಯನ್ನು ಉತ್ತರಕ್ಕೆ ಬೆರೆಸಿದರೆ ಇಡೀ ಸಮೀಕ್ಷೆ ಹೇಗೆ ವಾಲುತ್ತದೆ ಎಂಬುದರ ಮೇಲೆ ಅವಳು ಕಾಲೇಜಿನಲ್ಲಿ ಸೆಮಿನಾರನ್ನೇ ಕೊಟ್ಟಿದ್ದಳು.

ಹಟ್ಟಿಯ ಸರ್ವೆಗೆ ಹೋದಾಗ ಬಿರುಬೇಸಿಗೆ. ಬೆಳೆ ಕಟಾವಾದ ಮೇಲೆ ಹಟ್ಟಿಯ ಗಂಡಸರು ಕುರಿ ಹೊಡೆದುಕೊಂಡು ದಾವಣಗೆರೆಯ ಕಡೆ, ಭದ್ರಾ ಚಾನಲ್ಲಿನ ಗದ್ದೆ ಸೀಮೆಗೆ ಹೋಗುತ್ತಾರೆ. ಹಗಲು ಕೊಯ್ಲಾದ ಪೈರಿನ ಕೂಳೆ ಮೇಯಿಸಿ, ರಾತ್ರಿ ಗದ್ದೆಯಲ್ಲೇ ಮಂದೆ ನಿಲ್ಲಿಸಿ ಗೊಬ್ಬರ ಮಾಡಿಕೊಟ್ಟು, ಮುಂಗಾರು ಹಿಡಿದ ಮೇಲೆ ಹಟ್ಟಿಗೆ ತಿರುಗುತ್ತಾರೆ. ಹೀಗಾಗಿ ಆ ದಿನ ಹಟ್ಟಿಯಲ್ಲಿದ್ದದ್ದು ಹೆಂಗಸರು, ಮುದುಕರು ಮತ್ತು ಖಾಲಿ ರೊಪ್ಪಗಳು. ರೊಪ್ಪವೆಂದರೆ ಕುರಿ ಕೂಡುವ ದೊಡ್ಡಿ. ಸುತ್ತ ಜಾಲಿಮುಳ್ಳಿನ ಬೇಲಿ, ಒಂದೇ ಒಂದು ಕಂಡಿ, ಕಂಡಿಗೆ ಅಡ್ಡ ಒಂದು ತಡಿಕೆ.

ಗಿರೀಶ್ ಜೊತೆಗೇ ಬಂದಿದ್ದ. ಮೊದಲ ಮನೆ ದೀಪಾಳ ದೊಡ್ಡಪ್ಪ ಪಾಲಣ್ಣನದು. ದೊಡ್ಡವ್ವ ಕಾಟಮ್ಮ ಇಬ್ಬರಿಗೂ ನೀರು ಕೊಟ್ಟು ಜಗುಲಿಯ ಮೇಲೆ ಕೂರಿಸಿದಳು. ಮನೆಯ ಗೋಡೆ, ಸೂರು, ನಲ್ಲಿ, ಕಕ್ಕಸು ಎಲ್ಲದರ ಬಗ್ಗೆಯೂ ಸಲೀಸಾಗಿ ಉತ್ತರ ಕೊಟ್ಟಳು. ದೀಪಾ ಟ್ಯಾಬಿನಲ್ಲಿ ಒತ್ತುತ್ತಾ ಹೋದಳು. ಮುಂದಿನ ಪ್ರಶ್ನೆ ಬಂದಾಗ ಅವಳ ದನಿ ತುಸು ಇಳಿಯಿತು.

"ದೊಡ್ಡವ್ವ, ಕುರಿ ಎಷ್ಟವೆ?"

ಕಾಟಮ್ಮ ಅವಳ ಮುಖ ನೋಡಿದಳು. "ಯಾರನ್ನ ಕೇಳ್ತಿದೀಯೆ? ನೀನು ಆಡಿ ಬೆಳೆದ ರೊಪ್ಪ ಅಲ್ಲೇನೆ ಇದು?"

"ಕೇಳ್ಲೇಬೇಕು ದೊಡ್ಡವ್ವ. ನೀನು ಹೇಳಿದ್ದನ್ನೇ ಬರೀಬೇಕು ನಾನು."

"ಹಂಗಾರೆ ಹತ್ತು ಬರ್ಕ." ಕಾಟಮ್ಮ ಸೆರಗು ಸರಿಮಾಡಿಕೊಂಡಳು. "ಬ್ಯಾಡ, ಹನ್ನೆರಡು ಬರಿ. ನಿನ್ನ ಮಕ ನೋಡಿ ಎರಡು ಜಾಸ್ತಿ ಕೊಟ್ಟೀನಿ."

ಕುರಿಯ ಲೆಕ್ಕವನ್ನು ಹಟ್ಟಿಯಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಪರಸ್ಥಳದವರಿಗಂತೂ ಸರಿಯೇ, ತಮ್ಮತಮ್ಮಲ್ಲೂ ಹೇಳಿಕೊಳ್ಳುವುದಿಲ್ಲ. ಹೇಳಿದ ಲೆಕ್ಕ ನಿಲ್ಲುವುದಿಲ್ಲ ಎಂದು ನಂಬಿಕೆ. ಚಿಕ್ಕವಳಿದ್ದಾಗ ದೀಪಾ ಮರಿಗಳನ್ನು ಬೆರಳಿಟ್ಟು ಒಂದು, ಎರಡು ಎಂದು ಎಣಿಸಲು ಹೋಗಿ, ಇದೇ ಕಾಟಮ್ಮನಿಂದ ಕೈಮೇಲೆ ಪೆಟ್ಟು ತಿಂದಿದ್ದಳು. ಶಾಲೆಯಲ್ಲಿ ಎಣಿಸಲು ಕಲಿತದ್ದು ಹುಣಸೆ ಬೀಜದಲ್ಲಿ.

ಗಿರೀಶ್ ಎದ್ದು ರೊಪ್ಪದ ಬೇಲಿಯವರೆಗೆ ಹೋಗಿ ನೋಡಿದ. ಹನ್ನೆರಡು ಕುರಿಗೆ ಇಷ್ಟಗಲ ಜಾಗವೇ ಎಂದು ಕೇಳಿದ. ನಮ್ಮ ಮಾವನ ಕಾಲದಲ್ಲಿ ರಾಶಿ ಇದ್ದವು, ಈಗೆಲ್ಲಿ ಸ್ವಾಮಿ ಎಂದಳು ಕಾಟಮ್ಮ. ಅವನು ತಲೆದೂಗಿದ. ಎಲ್ಲ ಕಡೆಯೂ ಅವನು ಕೇಳುತ್ತ ಬಂದ ಮಾತೇ ಅದು.

ದೀಪಾ ಟ್ಯಾಬಿನಲ್ಲಿ ಹನ್ನೆರಡು ಎಂದು ಬರೆದಳು. ಹನ್ನೆರಡಲ್ಲ ಎಂದು ಅವಳಿಗೆ ಗೊತ್ತು. ಆದರೆ ಓದಿದ ಓದು, ನಿನಗೆ ಗೊತ್ತಿರುವುದನ್ನು ಬೆರೆಸಬೇಡ ಎನ್ನುತ್ತಿತ್ತು. ಹುಟ್ಟಿದ ಹಟ್ಟಿಯೂ ಹೇಳಬೇಡ ಎನ್ನುತ್ತಿತ್ತು. ಎರಡು ಶಿಸ್ತುಗಳು ಒಂದೇ ಮಾತು ಹೇಳಿದ್ದು ಅವಳ ಬದುಕಿನಲ್ಲಿ ಅದೇ ಮೊದಲು. ಒತ್ತಿ ಮುಂದಿನ ಪ್ರಶ್ನೆಗೆ ಹೋದಳು.

ಪಕ್ಕದ ಮನೆಯಾಕೆ ಕಾಟಮ್ಮಕ್ಕ ಎಷ್ಟು ಅಂದಳು ಎಂದು ಮೊದಲು ಕೇಳಿಕೊಂಡು, ನಮ್ಮವು ಅವಳಿಗಿಂತ ಕಡಿಮೆ ಎಂದು ಹತ್ತು ಬರೆಸಿದಳು. ಅದರಾಚೆಯ ಮನೆ ಎಂಟಕ್ಕೆ ನಿಂತಿತು. ಇಡೀ ಹಟ್ಟಿಯಲ್ಲಿ ಕಾಟಮ್ಮನದೇ ದೊಡ್ಡ ಲೆಕ್ಕವಾಯಿತು.

ಕರಡು ನಿಯಮಾವಳಿ ಹೊರಬಿದ್ದಾಗ ಮುಂಗಾರು ಹಿಡಿದಿತ್ತು. ಗಿರೀಶ್ ತಾನೇ ಫೋನ್ ಮಾಡಿ ದೀಪಾಳನ್ನು ಕೋಣೆಗೆ ಕರೆಸಿದ. ಅವನ ಮುಖದಲ್ಲಿ ಸಂತೋಷವಿತ್ತು. ಸಮುದ್ರ ತೆಗೆದಿದ್ದೇನೆ ಎಂದು ನಕ್ಕ. ಆಮೇಲೆ ಒಂದು ಪುಟ ತೆಗೆದು ಅವಳ ಮುಂದಿಟ್ಟ. ಹಟ್ಟಿಗಳನ್ನು ವಸತಿ ವಲಯ ಎಂದು ಗುರುತಿಸಬೇಕು, ವಸತಿ ವಲಯದಲ್ಲಿ ಪಶುಸಾಕಣೆ ಪೂರ್ತಿ ನಿಷಿದ್ಧ ಮಾಡಬೇಕು ಎಂದು ಹೊಸ ಬಡಾವಣೆಯವರು ಒತ್ತಡ ತಂದಿದ್ದರು. ರಾತ್ರಿ ವಾಸನೆ, ಬೆಳಿಗ್ಗೆ ರಸ್ತೆಯ ಮೇಲೆ ಹಿಕ್ಕೆ ಎಂಬುದು ಅವರ ದೂರು. ಗಿರೀಶ್ ಅದಕ್ಕೆ ಒಪ್ಪಿರಲಿಲ್ಲ. ಹಟ್ಟಿಯ ಮನೆಗಳು ತಮ್ಮ ಕುರಿಗಳನ್ನು ಹಟ್ಟಿಯಲ್ಲೇ ಇಟ್ಟುಕೊಳ್ಳಬಹುದು, ಮನೆಯೊಂದಕ್ಕೆ ಹನ್ನೆರಡರವರೆಗೆ, ಎಂದು ಬರೆದಿದ್ದ. ಸರ್ವೆಯಲ್ಲಿ ಕಂಡ ಅತಿ ದೊಡ್ಡ ಲೆಕ್ಕವನ್ನೇ ಮಿತಿಯಾಗಿ ಇಟ್ಟಿದ್ದ, ಯಾರಿಗೂ ಕಡಿಮೆಯಾಗದಿರಲಿ ಎಂದು. ಹೆಚ್ಚಿನವನ್ನು ಒಂದು ವರ್ಷದೊಳಗೆ ವಸತಿ ವಲಯದಿಂದ ಹೊರಗೆ ಸಾಗಿಸಬೇಕು.

"ಇಷ್ಟು ವರ್ಷ ಈ ಕೆಲಸ ಮಾಡಿದೀನಿ ದೀಪಾ. ಯಾವ ಊರಿನ ನಿಯಮದಲ್ಲೂ ಕುರಿಗೆ ಜಾಗ ಕೊಡಿಸೋಕೆ ಆಗಿರಲಿಲ್ಲ," ಎಂದ.

ದೀಪಾ ಆ ಪುಟವನ್ನು ಎರಡು ಸಲ ಓದಿದಳು. ಹಳೆಯ ನಿಯಮಾವಳಿಯಲ್ಲಿ ದೋಣಿ ಇತ್ತು, ಕುರಿ ಇರಲಿಲ್ಲ. ಇರದಿದ್ದರಿಂದ ಯಾರೂ ಬಂದು ರೊಪ್ಪದ ಮುಂದೆ ನಿಲ್ಲುವಂತಿರಲಿಲ್ಲ. ಈಗ ಕುರಿ ಬಂದಿತ್ತು, ಪಕ್ಕದಲ್ಲಿ ಒಂದು ಅಂಕಿಯ ಸಮೇತ. ರೊಪ್ಪವನ್ನು ಹೊಲಕ್ಕೆ ಒಯ್ಯುವಂತೆಯೂ ಇಲ್ಲ. ಹೊಲ ಬೈಪಾಸಿನ ಆಚೆ. ಅಲ್ಲಿ ತೋಳದ ಕಾಟವಿತ್ತು. ಟೆಂಪೋ ತಂದು ಕುರಿ ತುಂಬಿಕೊಂಡು ಹೋಗುವ ಕಳ್ಳರ ಕಾಟ ಅದಕ್ಕಿಂತ ಹೆಚ್ಚು.

"ಸರ್, ಹನ್ನೆರಡು ನಿಜ ಅಲ್ಲ," ಎಂದಳು.

ಅವನು ಎಷ್ಟು ಎಂದು ಕೇಳಿದ. ದೀಪಾ ಬಾಯಿ ತೆರೆದಳು. ಅಂದಾಜು ಅವಳಿಗಿತ್ತು. ಆದರೆ ದೊಡ್ಡಪ್ಪನ ಕುರಿಯ ಲೆಕ್ಕ ಅವಳ ನಾಲಿಗೆಗೂ ಬರಲಿಲ್ಲ.

"ತುಂಬ ಅವೆ ಸರ್."

"ತುಂಬ ಅನ್ನೋದನ್ನ ಕೋಷ್ಟಕದಲ್ಲಿ ಹೇಗೆ ಹಾಕಲಿ?" ಗಿರೀಶ್ ಕೇಳಿದ್ದರಲ್ಲಿ ಕೋಪವಿರಲಿಲ್ಲ.

ಇಬ್ಬರೂ ಕುಳಿತು ದಾರಿ ಹುಡುಕಿದರು. ಉಪಗ್ರಹದ ಚಿತ್ರ ತೆಗೆದದ್ದು ಬೇಸಿಗೆಯಲ್ಲಿ. ಅದರಲ್ಲಿ ರೊಪ್ಪಗಳು ಬರಿದಾಗಿ, ಉಪಯೋಗವಿಲ್ಲದ ಖಾಲಿ ಜಾಗದಂತೆ ಕಾಣುತ್ತಿದ್ದವು. ಪಶು ಆಸ್ಪತ್ರೆಯ ಲಸಿಕೆ ಲೆಕ್ಕ ನೋಡೋಣವೆಂದರೆ ಅಲ್ಲಿ ಬರೆಸಿದ್ದೂ ಹಟ್ಟಿಯವರು ಹೇಳಿದ ಲೆಕ್ಕವೇ. ತಾನೇ ಬಂದು ಎಣಿಸಲು ಗಿರೀಶ್ ಸಿದ್ಧನಿದ್ದ. ಆದರೆ ಒಂದು ಹಟ್ಟಿ ಎಣಿಸಿದರೆ ಉಳಿದ ಹಟ್ಟಿಗಳನ್ನೂ ಎಣಿಸಬೇಕು, ಒಪ್ಪಂದದಲ್ಲಿ ಎರಡನೆಯ ಸರ್ವೆ ಇರಲಿಲ್ಲ. ಉಳಿದದ್ದು ಒಂದೇ. ಕರಡಿನ ಮೇಲೆ ಪ್ರಾಧಿಕಾರ ಕರೆಯುವ ಅಹವಾಲು ಸಭೆಗೆ ಕುರಿಯ ಯಜಮಾನನೇ ಬಂದು, ನನ್ನಲ್ಲಿ ಇಷ್ಟಿವೆ ಎಂದು ಎಲ್ಲರೆದುರು ಹೇಳಿ ರುಜು ಹಾಕಿದರೆ, ಅದರ ಆಧಾರದ ಮೇಲೆ ಮಿತಿ ಬದಲಿಸಿ ಎಂದು ನಾನೂ ಬರೆಯುತ್ತೇನೆ ಎಂದ. ಒಬ್ಬ ಹೇಳಿದರೆ ಸಾಕು, ದಾರಿ ತೆರೆದಂತಾಗುತ್ತದೆ.

ಪಾಲಣ್ಣ ಗದ್ದೆ ಸೀಮೆಯಿಂದ ಬಂದು ವಾರವಾಗಿತ್ತು. ದೀಪಾ ಹೋದಾಗ ರೊಪ್ಪದೊಳಗೆ ಕುಕ್ಕರಗಾಲಿನಲ್ಲಿ ಕುಳಿತು, ಕೆಂಚಿ ಎಂದು ಕರೆಯುವ ಹರಕು ಕಿವಿಯ ಕುರಿಯ ಗೊರಸು ಬಿಡಿಸಿ ಮುಳ್ಳು ಹುಡುಕುತ್ತಿದ್ದ. ದೀಪಾ ನಿಧಾನವಾಗಿ ಎಲ್ಲ ಹೇಳಿದಳು. ಅವನು ಕೆಲಸ ಬಿಡದೆ ಕೇಳಿಸಿಕೊಂಡ. ಮುಳ್ಳು ಸಿಕ್ಕಿ ಕೆಂಚಿ ಎದ್ದು ಹೋದ ಮೇಲೆ ಮಾತಾಡಿದ.

"ಮಾರೋವಾಗ ಎಣಿಸ್ತೀವಿ. ಸತ್ತಾಗ ಎಣಿಸ್ತೀವಿ. ಬದುಕಿರೋವನ್ನ ನೋಡ್ತೀವಿ ಕಣವ್ವ."

ಅದು ಪೂರ್ತಿ ನಿಜವೆಂದು ದೀಪಾಳಿಗೆ ಗೊತ್ತಿತ್ತು. ಸಂಜೆ ಕುರಿಗಳು ಕಂಡಿಯಲ್ಲಿ ನುಗ್ಗಿ ಒಳಗೆ ಬರುವಾಗ ಪಾಲಣ್ಣ ಬದಿಗೆ ನಿಂತು ಸುಮ್ಮನೆ ನೋಡುತ್ತಾನೆ. ಎಲ್ಲ ಬಂದ ಮೇಲೆ, ಚುಕ್ಕಿ ಮೂತಿಯವಳ ಎರಡನೇ ಮಗಳು ಬಂದಿಲ್ಲ ಎನ್ನುತ್ತಾನೆ. ಇನ್ನೊಬ್ಬರು ಹೋಗಿ ಹುಡುಕಿ ತರುತ್ತಾರೆ. ಒಂದು ಹಾಳೆಯಲ್ಲಿ ಅಕ್ಷರ ಬಿಟ್ಟುಹೋದದ್ದು ಓದುವವರಿಗೆ ಹೇಗೆ ಕಾಣುತ್ತದೋ, ಅವನಿಗೆ ಹಾಗೆ ಕಾಣುತ್ತಿತ್ತು.

ದೊಡ್ಡಪ್ಪನ ಬಾಯಿಂದ ಹೇಳಿಸುವ ಬದಲು ತಾನೇ ಎಣಿಸಿಕೊಂಡು ಗಿರೀಶನಿಗೆ ಕೊಡೋಣವೆಂದು ಅವಳು ಆ ಸಂಜೆ ಕಂಡಿಯ ಹತ್ತಿರ ನಿಂತಳು. ಕೈ ಹಿಂದೆ ಕಟ್ಟಿಕೊಂಡಿದ್ದಳು, ಬೆರಳು ಕಾಣದಂತೆ. ಅರ್ಧ ಮಂದೆ ಒಳಗೆ ಬಂದಿರಬೇಕು; ಎದುರಿಗೆ ಒಲೆಯ ಬಳಿ ನಿಂತಿದ್ದ ಕಾಟಮ್ಮ ತನ್ನನ್ನೇ ನೋಡುತ್ತಿದ್ದುದು ಕಂಡಿತು. ಎಣಿಸುವಾಗ ದೀಪಾಳ ತುಟಿಗಳು ಅಲ್ಲಾಡಿದ್ದವು. ಕಾಟಮ್ಮ ಬೈಯಲಿಲ್ಲ. ಒಲೆಯಿಂದ ಒಂದು ಹಿಡಿ ಬೂದಿ ತಂದು, ಒಳಗೆ ಬಂದ ಕುರಿಗಳ ಮೇಲೆ ನಿವಾಳಿಸಿ, ಬೇಲಿಯಾಚೆ ಚೆಲ್ಲಿ ಕೈ ಕೊಡವಿಕೊಂಡಳು. ದೀಪಾಳಿಗೆ ಎಣಿಕೆ ತಪ್ಪಿತು. ಮತ್ತೆ ಎಣಿಸಲಿಲ್ಲ.

ಸಭೆ ಇನ್ನೇನು ಹತ್ತಿರ ಬಂತು ಎನ್ನುವಾಗ ಪಾಲಣ್ಣ ತಾನಾಗಿಯೇ ಅವಳ ಮನೆಗೆ ಬಂದ. ಸೈಟಿನ ಕಲ್ಲುಗಳ ಕಡೆ ಸುತ್ತಾಡಿ ಬಂದಿದ್ದನಂತೆ. ಹಟ್ಟಿಯ ಹಿಂದಿನ ಗೋಮಾಳದವರೆಗೂ ಗುರುತು ಹಾಕಿದ್ದಾರೆ ಎಂದ. ಆಮೇಲೆ ಕೇಳಿದ:

"ನಾನು ಹೇಳಿದ್ರೆ ರೊಪ್ಪ ಉಳೀತೈತೇನವ್ವ?"

"ಹೇಳದೇ ಇದ್ರೆ ಉಳಿಯಲ್ಲ ದೊಡ್ಡಪ್ಪ."

ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ದೀಪಾಳಿಗೆ ಆ ಕ್ಷಣವೇ ಹೊಳೆಯಿತು. ಪಾಲಣ್ಣ ಅದನ್ನು ಉತ್ತರವೆಂದೇ ತೆಗೆದುಕೊಂಡು, ಆಗಲಿ ಹೋಗಾಣ ಎಂದ. ಮರುದಿನ ಬೆಳಗಿನಿಂದ ಮಧ್ಯಾಹ್ನದವರೆಗೆ ರೊಪ್ಪದ ಮೂಲೆಯಲ್ಲಿ ಒಬ್ಬನೇ ಕುಳಿತ. ತಾಯಿ, ಅವಳ ಮಗಳು, ಅವಳ ಮರಿ ಎಂದು ಒಂದೊಂದು ಬಳ್ಳಿಯನ್ನೂ ಹಿಡಿದು, ಕುರಿಗೊಂದು ಕಲ್ಲಿನಂತೆ ಎತ್ತಿಟ್ಟು, ಕೊನೆಗೆ ಒಂದು ಮೊತ್ತಕ್ಕೆ ಬಂದ. ಅದನ್ನು ದೀಪಾಳಿಗೂ ಹೇಳಲಿಲ್ಲ. ಹೇಳುವುದಾದರೆ ಒಂದೇ ಸಲ ಎಂದ.

ಸಭೆ ಊರಿನ ಸಮುದಾಯ ಭವನದಲ್ಲಿ. ವೇದಿಕೆಯ ಮೇಲೆ ಪ್ರಾಧಿಕಾರದ ಕಾರ್ಯದರ್ಶಿ ಮೂರ್ತಪ್ಪ, ಪಕ್ಕದಲ್ಲಿ ಗಿರೀಶ್. ಮೂರ್ತಪ್ಪ ಕೆಟ್ಟವನಲ್ಲ. ಹೊಳಲ್ಕೆರೆ ಕಡೆಯ ಹಳ್ಳಿಯವನು, ಹಟ್ಟಿಯವರನ್ನು ನಿಲ್ಲಿಸಿ ಮಾತಾಡಿಸದೆ ಕುಂತ್ಕಳ್ರಿ ಎಂದು ಕುರ್ಚಿ ತೋರಿಸಿದ. ಆದರೆ ಬೆಳಗಿನಿಂದ ಅವನ ಮುಂದೆ ಬಂದವರೆಲ್ಲ ತಮ್ಮದನ್ನು ಹಿಗ್ಗಿಸಿಕೊಂಡೇ ಬಂದಿದ್ದರು. ಎರಡು ಅಂತಸ್ತು ಕಟ್ಟಿದವನು ಮೂರಕ್ಕೆ ಅನುಮತಿ ಇತ್ತು ಎಂದಿದ್ದ. ತೆಂಗಿನಕಾಯಿ ಮಂಡಿಯವನು ಬೀದಿಯ ಅರ್ಧವನ್ನು ತನ್ನ ಅಂಗಳವೆಂದಿದ್ದ.

ಹೆಸರು ಕರೆದಾಗ ಪಾಲಣ್ಣ ಕಂಬಳಿಯನ್ನು ಹೆಗಲಿಂದ ತೆಗೆದು ಕುರ್ಚಿಯ ಮೇಲಿಟ್ಟು, ಎದ್ದು ನಿಂತ. ಎಷ್ಟು ಕುರಿ ಅವೆ ಹೇಳಪ್ಪ ಎಂದ ಮೂರ್ತಪ್ಪ. ಪಾಲಣ್ಣ ಮೊದಲು ದೇವರ ದಯದಿಂದ ಅವೆ ಎಂದಷ್ಟೇ ಹೇಳಿದ. ಮೂರ್ತಪ್ಪ ಮತ್ತೆ ಕೇಳಿದ. ಪಾಲಣ್ಣ ಒಮ್ಮೆ ದೀಪಾಳತ್ತ ನೋಡಿ, ಆಮೇಲೆ ನೆಲ ನೋಡುತ್ತಾ, ಲೆಕ್ಕ ಹೇಳಿದ. ಮೆಲ್ಲಗೇ ಹೇಳಿದ್ದರೂ ಮೈಕು ಅದನ್ನು ಭವನದ ಕೊನೆಯವರೆಗೂ ಒಯ್ಯಿತು.

ದೀಪಾಳ ಅಂದಾಜಿಗೆ ಅದು ಬಹಳ ಹತ್ತಿರವಿತ್ತು.

ಮೂರ್ತಪ್ಪ ಕಾಗದ ತಿರುವಿದ. "ಸರ್ವೇಲಿ ನಿಮ್ಮ ಮನೆಯಾಕೆ ಹನ್ನೆರಡು ಅಂದವ್ರೆ. ಈಗ ನೀನು ಇಷ್ಟು ಅಂತೀಯ. ಯಾವುದಪ್ಪ ಸುಳ್ಳು?"

"ಅದು ಸುಳ್ಳಲ್ಲ ಸಾರ್. ಅದು ಹಂಗೆ ಹೇಳಾದು."

"ಹಂಗಾರೆ ಇದೂ ಹಂಗೆ ಹೇಳಾದೇನು?"

ಭವನದಲ್ಲಿ ನಗು ಎದ್ದಿತು. ಬಡಾವಣೆಯವರೊಬ್ಬರು, ಸಭೆಯ ನೋಟೀಸಿನ ಗಾಳಿಗೆ ಎಲ್ಲ ಅವಳಿ ಜವಳಿ ಈದಿರಬೇಕು ಎಂದರು. ನಗು ಇನ್ನಷ್ಟಾಯಿತು. ಪಾಲಣ್ಣ ನಗುವವರ ಕಡೆ ತಿರುಗಿ ನೋಡಲಿಲ್ಲ.

ಗಿರೀಶ್ ಮೈಕು ತೆಗೆದುಕೊಂಡು, ಈ ಹೇಳಿಕೆ ನಂಬಲು ಯೋಗ್ಯವೆಂದು ತನಗೆ ಅನಿಸುತ್ತದೆ, ಸ್ಥಳಕ್ಕೆ ಹೋಗಿ ನೋಡಲು ಸಮಯ ಕೊಡಬೇಕು ಎಂದ. ನಿಮ್ಮ ಒಪ್ಪಂದ ಈ ತಿಂಗಳಿಗೆ ಮುಗಿಯುತ್ತದಲ್ಲ ಎಂದ ಮೂರ್ತಪ್ಪ. ಮುಗಿಯುತ್ತದೆ ಎಂದು ಗಿರೀಶ್ ಒಪ್ಪಿಕೊಂಡ. ಕನ್ಸಲ್ಟೆಂಟ್ ಸರ್ವೆಯ ಆಧಾರದ ಮೇಲೆ ಬರೆಯಬೇಕೋ, ಅನಿಸಿಕೆಯ ಮೇಲೆ ಬರೆಯಬೇಕೋ ಎಂಬ ಮುಂದಿನ ಪ್ರಶ್ನೆಗೂ ಅವನು ಕೊಡಬಹುದಾಗಿದ್ದ ಉತ್ತರ ಒಂದೇ, ಸರ್ವೆಯ ಮೇಲೆ ಎಂಬುದು. ಕೊಟ್ಟು ಕುಳಿತ.

ದೀಪಾ ಎದ್ದಳು. "ಸರ್, ಆ ಸರ್ವೆ ಮಾಡಿದ್ದು ನಾನು. ಅದರಲ್ಲಿರೋ ಲೆಕ್ಕ ತಪ್ಪು."

"ನೀನು ಇವರ ಮನೆ ಹುಡುಗಿ ಅಲ್ಲೇನಮ್ಮ?"

"ಹೌದು ಸರ್."

ಮೂರ್ತಪ್ಪ ಅವಳನ್ನು ಕನಿಕರದಿಂದಲೇ ನೋಡಿದ. ಅಂದು ತಪ್ಪು ಬರೆದೆ ಎಂದರೆ ಇಂದು ಹೇಳುವುದನ್ನು ಹೇಗೆ ನಂಬಲಿ, ಅಂದು ಸರಿ ಬರೆದಿದ್ದರೆ ಇಂದು ಹೇಳುವುದು ತಪ್ಪು ಎಂದ. ಅದರಲ್ಲಿ ದೋಷ ಹುಡುಕಲು ದೀಪಾ ನಿಂತಲ್ಲೇ ಪ್ರಯತ್ನಿಸಿದಳು. ಸಿಗಲಿಲ್ಲ. ಪರಿಶೀಲಿಸಲಾಗುವುದು ಎಂದು ಬರೆದುಕೊಂಡು ಅವನು ಮುಂದಿನ ಹೆಸರು ಕರೆದ.

ಹಟ್ಟಿಯವರೆಗಿನ ಆಟೋದಲ್ಲಿ ಪಾಲಣ್ಣ ಬೈಯಲಿಲ್ಲ. ಒಂದೇ ಸಲ, ಅಷ್ಟು ಜನದ ಮುಂದೆ ಹೇಳಿದೆ ಎಂದ. ಬೇರೆ ಯಾರೋ ಮಾಡಿದ್ದನ್ನು ಕಂಡು ಬಂದವನ ಹಾಗಿತ್ತು ದನಿ. ಮನೆಯ ಮುಂದೆ ಕಾದಿದ್ದ ಕಾಟಮ್ಮ, ಏನಾಯಿತು ಎಂದು ಕೇಳಲಿಲ್ಲ. "ಬಾಯಿಬಿಟ್ಟು ಹೇಳಿದನೇನೆ?" ಎಂದು ದೀಪಾಳನ್ನು ಕೇಳಿದಳು. ದೀಪಾ ಹೂಂ ಎಂದಳು. ಕಾಟಮ್ಮ ಒಳಗೆ ಹೋದಳು.

ಚಳಿ ಶುರುವಾಗುವ ಹೊತ್ತಿಗೆ ಹೊಸ ನಿಯಮಾವಳಿ ಅಂತಿಮವಾಗಿ ಹೊರಬಂತು. ಸಮುದ್ರ ಇರಲಿಲ್ಲ. ಮನೆಯೊಂದಕ್ಕೆ ಹನ್ನೆರಡು ಹಾಗೆಯೇ ಇತ್ತು, ಒಂದು ವರ್ಷದ ಗಡುವೂ ಇತ್ತು. ಅಷ್ಟರಲ್ಲಿ ಗಿರೀಶ್ ಕೋಣೆ ಖಾಲಿ ಮಾಡಿ ಬೇರೆ ಊರಿನ ಕೆಲಸಕ್ಕೆ ಹೋಗಿದ್ದ. ಅಲ್ಲಿಂದ ಫೋನ್ ಮಾಡಿ, ಕೋರ್ಟಿಗೆ ಹೋಗುವುದಾದರೆ ನಾನು ಬಂದು ಸಾಕ್ಷಿ ಹೇಳುತ್ತೇನೆ ಎಂದ. ಸಾಕ್ಷಿಗೆ ಏನು ತರುತ್ತೀರಿ ಸರ್ ಎಂದು ದೀಪಾ ಕೇಳಿದಳು. ಸರ್ವೆಯನ್ನೇ ತರಬೇಕು ಎಂದ ಅವನು.

ಆ ಸಂಜೆ ಅವಳು ರೊಪ್ಪದ ಹತ್ತಿರ ಹೋದಳು. ಕುರಿಗಳು ಬೈಪಾಸ್ ದಾಟಿ, ಸೈಟಿನ ಕಲ್ಲುಗಳ ನಡುವೆ ಧೂಳೆಬ್ಬಿಸುತ್ತಾ ಬರುತ್ತಿದ್ದವು. ಪಾಲಣ್ಣ ಬದಿಗೆ ನಿಲ್ಲುವ ಬದಲು ಕಂಡಿಗೆ ಎದುರಾಗಿ ನಿಂತಿದ್ದ. ತಡಿಕೆಯನ್ನು ಅರ್ಧ ಮುಚ್ಚಿ, ಕುರಿಗಳು ಒಂದೊಂದಾಗಿ ನುಸುಳುವಂತೆ ಮಾಡಿದ್ದ. ಅವನ ಬಲಗೈಯ ಬೆರಳು ಗಾಳಿಯಲ್ಲಿ ಆಡುತ್ತಿತ್ತು, ತುಟಿಯೂ ಆಡುತ್ತಿತ್ತು. ಸಭೆಯ ಮಾರನೆಯ ದಿನದಿಂದಲೂ ಹೀಗೇ ಎಂದು ಕಾಟಮ್ಮ ಹೇಳಿದಳು. ಹೇಳಿದ ಲೆಕ್ಕ ನಿಂತಿದೆಯೋ ಇಲ್ಲವೋ ಎಂದು ದಿನವೂ ನೋಡಲೇಬೇಕು ಅವನಿಗೆ.

ಕೊನೆಯದು ಒಳಗೆ ಬಂತು. ಪಾಲಣ್ಣ ತಡಿಕೆ ಎಳೆದು ಕಟ್ಟಿ, "ಸರಿ ಐತೆ," ಎಂದ.

ಕಾಟಮ್ಮ ಬೇಲಿಯ ಮೇಲಿಂದ ಒಳಗೆ ಕಣ್ಣಾಡಿಸಿದಳು. "ಕೆಂಚಿ ಎಲ್ಲಿ?"

"ಲೆಕ್ಕ ಸರಿ ಐತಲ್ಲೆ."

ದೀಪಾಳಿಗೂ ಕೆಂಚಿ ಕಾಣಲಿಲ್ಲ. ಕಂಡದ್ದು ಪಕ್ಕದ ಮನೆಯ ಒಂದು ಬಿಳಿ ಕುರಿ, ಕೊಂಬಿಗೆ ನೀಲಿ ಬಣ್ಣ ಬಳಿದದ್ದು. ಗುಂಪಿನಲ್ಲಿ ಹೇಗೋ ಸೇರಿ, ಒಂದು ಅಂಕಿಯಾಗಿ ಒಳಗೆ ಬಂದು, ಅಪರಿಚಿತರ ನಡುವೆ ತಲೆಯೆತ್ತಿ ನಿಂತಿತ್ತು. ದೂರದಲ್ಲಿ, ಕಲ್ಲುಗಳ ಆಚೆ ಎಲ್ಲೋ, ಒಂಟಿ ಕುರಿಯ ಕೂಗು ಕೇಳಿತು. ಬೈಪಾಸಿನ ಲಾರಿಗಳ ಸದ್ದಿನಲ್ಲಿ ಮುಳುಗಿ, ಮತ್ತೆ ಕೇಳಿತು.

ಹಿಂದಾದರೆ ಆ ಕೂಗಿಗೆ ಮೊದಲೇ ಪಾಲಣ್ಣ ಹೊರಟಿರುತ್ತಿದ್ದ. ಈಗ ಅವನು ತಡಿಕೆ ತೆಗೆಯಲಿಲ್ಲ. ಒಳಗಿನ ಮಂದೆಯ ಕಡೆ ತಿರುಗಿ, ಬೆರಳೆತ್ತಿ, ಮತ್ತೆ ಮೊದಲಿನಿಂದ ಎಣಿಸತೊಡಗಿದ. ಕುರಿಗಳು ನಿಂತಲ್ಲಿ ನಿಲ್ಲದೆ ಒಂದರ ಹಿಂದೆ ಒಂದು ಸರಿದಾಡುತ್ತಿದ್ದವು.

ಕಾಟಮ್ಮ ಗೋಡೆಗೆ ಒರಗಿಸಿದ್ದ ಕೋಲು ತೆಗೆದುಕೊಂಡು, ಕೆಂಚಿಯನ್ನು ಹೆಸರು ಹಿಡಿದು ಕರೆಯುತ್ತಾ, ರಸ್ತೆಯ ಕಡೆ ನಡೆದಳು.